ಆರೋಗ್ಯ ಇಲಾಖೆಯ ಮುಯ್ಯಿ

ಬಸವನಕೊಪ್ಪಲು, ಹೆಬ್ಬಾಲೆ ಅಂಚೆ, ಕೊಡಗು ಜಿಲ್ಲೆ
೧೯ ಅಕ್ಟೋಬರ್ ೧೯೫೯

ಬೆಂಗಳೂರಿನ ಆರೋಗ್ಯ ಇಲಾಖೆಯ ಪ್ರಚಾರಾಧಿಕಾರಿಗಳಾದ ಶ್ರೀಮತಿ ಸರ್ವಮಂಗಳ ಅವರಿಗೆ, ಬಸವನಕೊಪ್ಪಲು ಪಂಚಾಯಿತಿ ಅಧ್ಯಕ್ಷ ಸಣ್ಣಸ್ವಾಮಿ ಮಾಡುವ ವಂದನೆಗಳು.

ಹೊಗೆಯ ಕಥೆಯನ್ನು ನಮ್ಮೂರಿನಲ್ಲಿ ಮೊದಲು ಹೇಳಿದವರು ನಮ್ಮ ತಾತ. ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು, ಕಾವೇರಿ ದಾಟಿ ಬಂದು ಇಲ್ಲಿ ಗುಡಿಸಲು ಹಾಕಿದ ವರ್ಷ, ಹಸಿ ಸೌದೆ ಉರಿಯದೆ ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿದ್ದಾಗ ಹೇಳಿದರಂತೆ. ಬೆಂಕಿಗೆ ಇಬ್ಬರು ಮಕ್ಕಳು. ಹಿರಿಯಳು ಬೆಳಕು, ಕಿರಿಯವನು ಹೊಗೆ. ಅಕ್ಕನನ್ನು ಎಲ್ಲರೂ ಮನೆಗೆ ಕರೆದರು, ದೀಪದ ಕಂಬ ಮಾಡಿ ಕೂರಿಸಿದರು. ತಮ್ಮನನ್ನು ಯಾರೂ ಕರೆಯಲಿಲ್ಲ. ಕರೆಯದ ಮನೆಗೆ ಹೋದವನಿಗೆ ಮಣೆ ಹಾಕುವವರು ಯಾರು? ಒಲೆಯ ಮುಂದೆ ಕೂತಿದ್ದ ಹೆಂಗಸಿನ ಎದೆಯೊಳಗೆ ಹೋಗಿ ಕೂತುಬಿಟ್ಟ. ಕಥೆ ಇಷ್ಟೇ. ತಾತ ಇಷ್ಟು ಹೇಳಿ ಕೆಮ್ಮುತ್ತಿದ್ದರಂತೆ.

ತಾವು 'ಗಾಳಿಯ ನೈರ್ಮಲ್ಯ ಮತ್ತು ಆರೋಗ್ಯ' ಎಂಬ ಸಮ್ಮೇಳನ ನಡೆಸುವವರಿದ್ದೀರಿ, ಜಾಗ ಇನ್ನೂ ಗೊತ್ತಾಗಿಲ್ಲ ಎಂದು ಅಭಿವೃದ್ಧಿ ಬ್ಲಾಕಿನ ಕುಶಾಲಪ್ಪನವರು ಸಂತೆಯಲ್ಲಿ ಸಿಕ್ಕಾಗ ಹೇಳಿದರು. ನಮ್ಮೂರಿನಲ್ಲೇ ನಡೆಸಿ. ಶಾಲೆಯ ಮುಂದೆ ಬಯಲಿದೆ. ಹೊಗೆಗೂ ಬಡತನವಿಲ್ಲ. ಇಟ್ಟಿಗೆ ಗೂಡಿದೆ, ಪುರಿ ಭಟ್ಟಿ ಇದೆ, ಮನೆಗೊಂದು ಒಲೆಯಂತೂ ಇದ್ದೇ ಇದೆ. ಶ್ವಾಸಕೋಶ ಬಲ್ಲ ದೊಡ್ಡ ಡಾಕ್ಟರರು ಬರುತ್ತಾರಷ್ಟೆ? ಅದೊಂದನ್ನು ಖಚಿತಪಡಿಸಬೇಕು.

ಇಂತು,
ಸಣ್ಣಸ್ವಾಮಿ


ಬೆಂಗಳೂರು
೩೧ ಅಕ್ಟೋಬರ್ ೧೯೫೯

ಶ್ರೀ ಸಣ್ಣಸ್ವಾಮಿಯವರಿಗೆ,

ನಿಮ್ಮ ಪತ್ರ ತಲುಪಿತು. ಕಥೆಯನ್ನು ನಮ್ಮ ವಿಭಾಗದವರೆಲ್ಲ ಓದಿದರು. ಅದನ್ನು ಯಾವ ಕಡತಕ್ಕೆ ಸೇರಿಸಬೇಕೆಂಬುದು ಮಾತ್ರ ಗುಮಾಸ್ತರಿಗೆ ಹೊಳೆಯಲಿಲ್ಲ.

ಡಾಕ್ಟರರು ಬರುವುದು ಖಚಿತ. ಆದರೆ ಸರ್ಕಾರದ ಮಂಜೂರಾತಿ ಅವರ ಪ್ರಯಾಣಕ್ಕೂ ಅಚ್ಚಿನ ಕೆಲಸಕ್ಕೂ ಮುಗಿದುಹೋಗುತ್ತದೆ. ಚಪ್ಪರ, ಊಟ, ಧ್ವನಿವರ್ಧಕ ಇವಕ್ಕೆ ಸ್ಥಳೀಯರೇ ದಾರಿ ಹುಡುಕಬೇಕು. ಮೈಸೂರಿನ ಕಡೆಯ ಒಂದು ಕಾರ್ಖಾನೆಯವರು ಅಷ್ಟೂ ಖರ್ಚನ್ನು ತಾವೇ ವಹಿಸುವುದಾಗಿ ಬರೆದಿದ್ದಾರೆ. ಸಮ್ಮೇಳನ ಅವರ ಆವರಣದಲ್ಲಿ ನಡೆಯಬೇಕು, ಕಾರ್ಯಕ್ರಮ ಪಟ್ಟಿಯಲ್ಲಿ 'ಕಾರ್ಖಾನೆ' ಎಂಬ ಶಬ್ದ ಇರಬಾರದು, ಇವೆರಡೇ ಅವರ ಷರತ್ತು. ನನಗೆ ಅದು ಹಿಡಿಸಿಲ್ಲ. ನಮ್ಮ ನಿರ್ದೇಶಕರಿಗೆ ಹಿಡಿಸಿಲ್ಲ ಎಂದು ಹೇಳಲಾರೆ.

ಒಂದು ಪ್ರಶ್ನೆ. ಹೋಬಳಿಯ ಊರುಗಳಲ್ಲಿ ನಿಮ್ಮ ಊರಿಗೇ ಏಕೆ ಇಷ್ಟು ಆಸೆ?

ವಿಶ್ವಾಸದಿಂದ,
ಸರ್ವಮಂಗಳ


ಬಸವನಕೊಪ್ಪಲು
೯ ನವೆಂಬರ್ ೧೯೫೯

ಮಾನ್ಯ ಸರ್ವಮಂಗಳಮ್ಮನವರಿಗೆ,

ಏಕೆ ಎಂದು ಕೇಳಿದ್ದೀರಿ. ಒಳ್ಳೆಯ ಮಾತು ನಾಲ್ಕು ಜನರ ಎದುರು ಕಿವಿಗೆ ಬಿದ್ದರೆ ಬೇರೂರುತ್ತದೆ ಎಂದು ನನ್ನ ನಂಬಿಕೆ. ಸದ್ಯಕ್ಕೆ ಅಷ್ಟೇ.

ನಿಮ್ಮ ಕಾಗದವನ್ನು ಪಂಚಾಯಿತಿ ಕಟ್ಟೆಯಲ್ಲಿ ಓದಿದೆ. ಡಾಕ್ಟರರನ್ನು ಸರ್ಕಾರ ಕಳಿಸುತ್ತದೆ, ಊಟ ಚಪ್ಪರ ನಮ್ಮದು ಎಂದೆ. ನಮ್ಮಲ್ಲಿ ದೊಡ್ಡಿ ಎಂಬ ಮುದುಕಿಯಿದ್ದಾಳೆ. ಊರಿನ ಯಾವ ಸುದ್ದಿಯೂ ಅವಳ ಅಂಗಳದಲ್ಲಿ ಕೂತು ದಣಿವಾರಿಸಿಕೊಳ್ಳದೆ ಮುಂದಿನ ಮನೆಗೆ ಹೋಗುವುದಿಲ್ಲ.

"ಅಂದ್ರೆ ಗಂಡಿನ ಕಡೆಯೋರು ಬರ್ತಾರೆ, ಹೆಣ್ಣಿನ ಮನೆ ಖರ್ಚು ನಮ್ದು ಅನ್ನು" ಎಂದಳು.

"ಮದ್ವೆ ಅಲ್ಲ ಕಣಜ್ಜಿ, ಸಮ್ಮೇಳ್ನ" ಎಂದ ಇಟ್ಟಿಗೆ ಗೂಡಿನ ನಾಗರಾಜು.

"ಚಪ್ರ ಹಾಕ್ತೀರಾ?"

"ಹಾಕ್ತೀವಿ."

"ಎಲೆ ಹಾಕಿ ಬಡಿಸ್ತೀರಾ?"

"ಬಡಿಸ್ತೀವಿ."

"ಮೈಕಿನಾಗೆ ಯಾರಾನ ಅರಚ್ಕೋತಾರಾ?"

"ಅರಚ್ಕೋತಾರೆ."

"ಮತ್ತೆ ಮದ್ವೆಗಿಂತ ಏನ್ಲಾ ಕಮ್ಮಿ ಬಿತ್ತು?"

ನಾಗರಾಜುವೂ ನಕ್ಕು ತಲೆಯಾಡಿಸಿದ. ಆದ್ದರಿಂದ ಮದುವೆಗೆ ಮಾಡುವಂತೆಯೇ ಮುಯ್ಯಿ ಮಾಡಿ ಕೂಡಿಸುವುದೆಂದು ತೀರ್ಮಾನವಾಯಿತು. ಅಕ್ಕಿ, ಬೆಲ್ಲ, ಕಾಯಿ, ಸೌದೆ, ಅವರವರ ಕೈಲಾದದ್ದು. ಯಾರ ಮನೆಯ ಮುಯ್ಯಿ ಎಂದು ಓದಿಸುವುದು ಎಂಬ ಚರ್ಚೆ ಎದ್ದಿತು. ಆರೋಗ್ಯ ಇಲಾಖೆಯ ಮನೆಯದು ಎಂದು ಎಲ್ಲರೂ ಒಪ್ಪಿದರು. ಕಾರ್ಖಾನೆಯವರಿಗೆ ನಮ್ಮ ನಮಸ್ಕಾರ ತಿಳಿಸಿ.

ಸಣ್ಣಸ್ವಾಮಿ


ಬೆಂಗಳೂರು
೨೧ ನವೆಂಬರ್ ೧೯೫೯

ಶ್ರೀ ಸಣ್ಣಸ್ವಾಮಿಯವರಿಗೆ, ನಮಸ್ಕಾರ.

ನಿಮ್ಮ ಪತ್ರವನ್ನು ನಿರ್ದೇಶಕರಿಗೆ ಓದಿ ತೋರಿಸಿದೆ. ಯಾರ ಹಂಗೂ ಇಲ್ಲದೆ, ಮರಳಿ ಏನನ್ನೂ ಬಯಸದೆ, ಒಂದು ಹಳ್ಳಿ ತಾನಾಗಿ ಚಂದಾ ಎತ್ತಿ ಸರ್ಕಾರದ ಸಮ್ಮೇಳನ ನಡೆಸುವುದು ನಮ್ಮ ಹೊಸ ರಾಜ್ಯಕ್ಕೇ ಮಾದರಿ ಎಂದರು. ನಾನೂ ಹಾಗೆಯೇ ನಂಬಿದ್ದೇನೆ. ಫೆಬ್ರವರಿ ಆರನೆಯ ತಾರೀಖು, ಶನಿವಾರ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ.

ಇದರೊಂದಿಗೆ ರಸೀದಿ ಪುಸ್ತಕ ಕಳಿಸಿದ್ದೇನೆ. ಕೊಟ್ಟವರೆಲ್ಲರಿಗೂ ರಸೀದಿ ಹರಿದುಕೊಡಿ. ಸಂಜೆಯ ಉಪಾಹಾರಕ್ಕೆ ನಿಮ್ಮೂರಿನ ಭಟ್ಟಿಯ ಪುರಿಯೇ ಆಗಲಿ. ಅದು ಹೂವಿನಷ್ಟು ಹಗುರ ಎಂದು ಕುಶಾಲಪ್ಪನವರು ಹೇಳಿದರು. ಕಾಯಿತುರಿ, ಬೆಲ್ಲ ಹಾಕಿ ಕೊಟ್ಟರೆ ಬಂದ ಡಾಕ್ಟರರು ಎಂದೂ ಮರೆಯುವುದಿಲ್ಲ.

ಸರ್ವಮಂಗಳ


ಬಸವನಕೊಪ್ಪಲು
೨ ಡಿಸೆಂಬರ್ ೧೯೫೯

ಮಾನ್ಯ ಸರ್ವಮಂಗಳಮ್ಮನವರಿಗೆ,

ರಸೀದಿ ಪುಸ್ತಕ ತಲುಪಿತು. ಒಂದೇ ಒಂದು ಹರಿದೆ, ದೊಡ್ಡಿಗೆ. "ಮುಯ್ಯಿಗೆ ರಸೀತಿ ಕೊಡೋ ಮದ್ವೆ ಎಲ್ಲಾರ ಕಂಡಿದ್ಯೇನ್ಲಾ? ನಾಳೆ ಊಟಕ್ಕೆ ಕೂತಾಗ ಎಲೆಗೂ ರಸೀತಿ ಕೇಳ್ತೀಯ" ಎಂದು ಅದನ್ನು ನನ್ನ ಜೇಬಿಗೇ ತುರುಕಿ ಹೋದಳು. ಉಳಿದವರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಪುಸ್ತಕ ಭದ್ರವಾಗಿದೆ.

ಪುರಿ ಬೇಡ. ಉಪ್ಪಿಟ್ಟು ಮಾಡಿಸೋಣ. ದೂರದಿಂದ ಬಂದವರಿಗೆ ಹೊಟ್ಟೆಯಲ್ಲಿ ನಿಲ್ಲುವಂಥದ್ದು ಬೇಕು. ಪುರಿ ಏನು, ಗಾಳಿ ತಿಂದ ಹಾಗೆ.

ಸಣ್ಣಸ್ವಾಮಿ


ಬೆಂಗಳೂರು
೧೨ ಡಿಸೆಂಬರ್ ೧೯೫೯

ಶ್ರೀ ಸಣ್ಣಸ್ವಾಮಿಯವರಿಗೆ,

ನಾನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ, ಮನ್ನಿಸಿ. ರಸೀದಿಯೂ ಇಲ್ಲ, ಊರಿನಲ್ಲೇ ಸಿಗುವ ಪುರಿಯೂ ಇಲ್ಲ, ಊರಿಗೇ ಏಕೆ ಎಂದು ಕೇಳಿದರೆ ಗಾದೆಯಂಥ ಮಾತು. ಭಟ್ಟಿಯವರಿಗೂ ನಿಮಗೂ ಏನೋ ಮನಸ್ತಾಪವಿದ್ದಂತೆ ತೋರುತ್ತದೆ. ಅದಕ್ಕಾಗಿ ಊರಿನ ಬಡ ಕಸುಬುದಾರರೊಬ್ಬರನ್ನು ಹೊರಗಿಡುವುದು ಅಧ್ಯಕ್ಷರಾದ ನಿಮಗೆ ಒಪ್ಪುವುದಿಲ್ಲ.

ಕಾರ್ಖಾನೆಯವರು ಮತ್ತೆ ಬರೆದಿದ್ದಾರೆ. ಈ ತಿಂಗಳ ಕೊನೆಯಲ್ಲಿ ನಿರ್ದೇಶಕರು ಜಾಗವನ್ನು ತೀರ್ಮಾನಿಸುತ್ತಾರೆ. ಅಷ್ಟರೊಳಗೆ ಇರುವ ವಿಷಯ ತಿಳಿಸಿ.

ಸರ್ವಮಂಗಳ


ಬಸವನಕೊಪ್ಪಲು
೧೯ ಡಿಸೆಂಬರ್ ೧೯೫೯

ತಾಯಿ ಸರ್ವಮಂಗಳಮ್ಮನವರಿಗೆ,

ಭಟ್ಟಿ ನಡೆಸುವವಳು ನನ್ನ ಅತ್ತಿಗೆ ಶಿವಮ್ಮ. ಅಣ್ಣ ತೀರಿಹೋದ ಮೇಲೆ ಅದೇ ಅವಳ ಅನ್ನ. ಭತ್ತದ ಹೊಟ್ಟು ಸುರಿದು ಬೆಂಕಿ ಮಾಡಿ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾಳೆ. ಹೊಟ್ಟಿನ ಹೊಗೆ ಎಂದರೆ ಹಾಲು ಕಾಯಿಸಿದ ಹಾಗೆ ಉಕ್ಕುತ್ತದೆ. ನಾವು ಬಾಗಿಲಿನಿಂದಲೇ ಸೇರು ಚಾಚಿ ಓಡಿಬರುವವರು. ಅವಳು ಅದರೊಳಗೇ ಕೂತಿರುವವಳು.

ಹೋದ ಬೇಸಿಗೆಯಿಂದ ಅವಳಿಗೆ ಕೆಮ್ಮು. ಕ್ಷಯವಿರಬೇಕು ಎಂದು ಯಾರೋ ಅಂದರು. ಆ ಮಾತು ದೊಡ್ಡಿಯ ಅಂಗಳದಲ್ಲಿ ಕೂತು ಎದ್ದಿತು. ಅಲ್ಲಿಂದ ಮುಂದೆ ಅವಳ ಪುರಿಯನ್ನು ಯಾರೂ ಮುಟ್ಟಲಿಲ್ಲ. ಆಯುಧಪೂಜೆಗೆ ನಮ್ಮೂರಿನವರು ಪಿರಿಯಾಪಟ್ಟಣದಿಂದ ಪುರಿ ತಂದರು ತಾಯಿ, ಅವಳ ಮನೆ ಮುಂದೆಯೇ ಹೊತ್ತುಕೊಂಡು ಹೋದರು. ಅವಳು ಹುರಿದದ್ದು ಚೀಲದಲ್ಲೇ ಮೆತ್ತಗಾಯಿತು.

ಆಸ್ಪತ್ರೆಗೆ ಹೋಗೋಣ ಎಂದರೆ, "ಮಡಿಕೇರಿ ಬಸ್ ಹತ್ತಿದ್ರೆ ಕ್ಷಯ ಅಂತ ಮುದ್ರೆ ಬಿದ್ದಂಗೇ ಸಣ್ಣಪ್ಪ" ಎನ್ನುತ್ತಾಳೆ. ಇದು ಹೊಗೆಯ ಕೆಮ್ಮು ಎಂದು ನನ್ನ ಮನಸ್ಸು ಹೇಳುತ್ತದೆ. ದೊಡ್ಡ ಡಾಕ್ಟರರು ಇಲ್ಲಿಗೇ ಬಂದು, ಊರೆಲ್ಲ ಸೇರಿದಾಗ, ಮೈಕಿನಲ್ಲಿ "ಶಿವಮ್ಮನಿಗೆ ಕ್ಷಯವಿಲ್ಲ" ಎಂದು ಒಂದು ಮಾತು ಹೇಳಿದರೆ ಸಾಕು. ಸಮ್ಮೇಳನ ಇಲ್ಲಿಗೇ ಬರಲಿ ಎಂದದ್ದು ಅದಕ್ಕೆ. ಪುರಿ ಬೇಡ ಎಂದದ್ದು, ಬಂದವರ ಎದುರು ನಮ್ಮವರು ಎಲೆಯಲ್ಲಿ ಅದನ್ನು ಹಾಗೇ ಬಿಟ್ಟು ಎದ್ದರೆ ಅವಳು ತಡೆಯಲಾರಳು ಎಂದು.

ನಿಮಗೆ ಇದನ್ನು ಬರೆದರೆ, ಸ್ವಂತ ಮನೆಯ ಕೆಲಸಕ್ಕೆ ಸರ್ಕಾರವನ್ನು ಕರೆಯುತ್ತಾನೆ ಎಂದುಕೊಳ್ಳುತ್ತೀರಿ ಎಂದು ಹೆದರಿದೆ. ಇನ್ನು ನಿಮ್ಮಿಷ್ಟ.

ಸಣ್ಣಸ್ವಾಮಿ


ಬೆಂಗಳೂರು
೨೯ ಡಿಸೆಂಬರ್ ೧೯೫೯

ಸಣ್ಣಸ್ವಾಮಿಯವರಿಗೆ, ನಮಸ್ಕಾರ.

ಹಿಂದಿನ ಪತ್ರದಲ್ಲಿ ದುಡುಕಿದೆ. ಅದನ್ನು ಮರೆಯಿರಿ.

ಸ್ವಂತ ಮನೆಯ ಕೆಲಸ ಎಂದಿರಿ. ಗಾಳಿಯ ನೈರ್ಮಲ್ಯದ ಬಗ್ಗೆ ನಾವು ಇಲ್ಲಿ ಅಚ್ಚು ಹಾಕಿಸುತ್ತಿರುವ ಕರಪತ್ರದಲ್ಲಿ ಮನೆಯೂ ಇಲ್ಲ, ಮನುಷ್ಯರೂ ಇಲ್ಲ. ನಿಮ್ಮ ಅತ್ತಿಗೆಯ ಹೆಸರು ಬಿಟ್ಟು ಉಳಿದದ್ದನ್ನು ನಿರ್ದೇಶಕರಿಗೆ ಹೇಳಿದೆ. ಹೊಟ್ಟಿನ ಹೊಗೆಯ ಬಗ್ಗೆಯೇ ಒಂದು ಉಪನ್ಯಾಸ ಇಡಿಸಿ, ಕಾರ್ಖಾನೆಗೆ ಬೇಡವೆಂದು ಬರೆದರು. ಫೆಬ್ರವರಿ ಆರು, ಬಸವನಕೊಪ್ಪಲು. ಇನ್ನು ಬದಲಾವಣೆಯಿಲ್ಲ.

ಆದರೆ ಶಿವಮ್ಮನವರು ಸಮ್ಮೇಳನದವರೆಗೆ ಕಾಯಬಾರದು. ಹೇಗಾದರೂ ಒಪ್ಪಿಸಿ ಮಡಿಕೇರಿಗೆ ಕರೆದೊಯ್ದು ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ. ಕ್ಷಯವೇ ಆಗಿದ್ದರೂ ಈಗ ಮದ್ದಿದೆ, ವಾಸಿಯಾಗುತ್ತದೆ. ಇದನ್ನು ಅವರಿಗೆ ಮೊದಲು ಹೇಳಿ.

ಸರ್ವಮಂಗಳ


ಬಸವನಕೊಪ್ಪಲು
೧೮ ಜನವರಿ ೧೯೬೦

ತಾಯಿ ಸರ್ವಮಂಗಳಮ್ಮನವರಿಗೆ,

ಮದ್ದಿದೆ ಎಂದದ್ದೇ ಅತ್ತಿಗೆ ಎದ್ದು ಸೀರೆ ಬದಲಿಸಿದಳು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಊರಿನೋರು ಕ್ಷಯ ಅಂದೋರು, ಮದ್ದು ಅಂತ ಒಬ್ರೂ ಅನ್ಲಿಲ್ಲ" ಎಂದಳು.

ಹೋಗಿಬಂದೆವು. ಕ್ಷಯವಿಲ್ಲ! ಕಫದಲ್ಲೂ ಇಲ್ಲ, ಎಕ್ಸ್‌ರೇಯಲ್ಲೂ ಇಲ್ಲ. ಎದೆಯಲ್ಲಿ ಹೊಗೆ ಕೂತಿದೆ, ಹೊಗೆ ಹೋಗಲು ದಾರಿ ಮಾಡಿ, ಇಲ್ಲವೇ ಭಟ್ಟಿ ಬಿಡಿ ಎಂದರು ಅಲ್ಲಿನ ಡಾಕ್ಟರರು. ಬರುವಾಗ ಬಸ್ಸಿನಲ್ಲಿ ನನ್ನ ಕಡೆಯ ಕಿಟಕಿಯನ್ನೂ ತೆಗೆಸಿ ಗಾಳಿ ಕುಡಿದಳು.

ಇಲ್ಲಿ ಬಂದು ಹೇಳಿದರೆ ಯಾರು ನಂಬುತ್ತಾರೆ? "ಮೈದುನ ಅತ್ತಿಗೇನ ಬಿಟ್ಕೊಡ್ತಾನಾ?" ಎಂದಳು ದೊಡ್ಡಿ. ಆದ್ದರಿಂದ ಮತ್ತೆ ಕೇಳುತ್ತೇನೆ. ಈಗಂತೂ ಸತ್ಯ ತಿಳಿದಿದೆ. ಡಾಕ್ಟರರು ಮೈಕಿನಲ್ಲಿ ಒಂದು ಮಾತು ಹೇಳಬಾರದೆ? ಅತ್ತಿಗೆಯದೂ ಒಪ್ಪಿಗೆಯಿದೆ.

ಸಣ್ಣಸ್ವಾಮಿ


ಬೆಂಗಳೂರು
೨೭ ಜನವರಿ ೧೯೬೦

ಸಣ್ಣಸ್ವಾಮಿಯವರಿಗೆ,

ಎಷ್ಟು ಸಂತೋಷವಾಯಿತೆಂದು ಬರೆಯಲಾರೆ. ಆದರೆ ಆ ಒಂದು ಮಾತು ಆಗದು. ಇಂದು ವೇದಿಕೆಯ ಮೇಲೆ ಶಿವಮ್ಮನಿಗೆ ಇಲ್ಲ ಎಂದು ಹೇಳಿದರೆ, ನಾಳೆ ಯಾರಿಗೆ ಇದೆ ಎಂದು ಜನ ಅದೇ ವೇದಿಕೆಯನ್ನು ಕೇಳುತ್ತಾರೆ. ಇರುವವರು ಆಮೇಲೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಡಾಕ್ಟರರು ಹೊಗೆಯ ವಿಷಯ ಹೇಳುತ್ತಾರೆ, ಹೆಸರು ಹೇಳುವುದಿಲ್ಲ. ನನ್ನ ಮೇಲೆ ಬೇಸರಪಡಬೇಡಿ.

ಸರ್ವಮಂಗಳ


ಬಸವನಕೊಪ್ಪಲು (ಕಾರ್ಡು)
೨ ಫೆಬ್ರವರಿ ೧೯೬೦

ಚಪ್ಪರ ಎದ್ದಿದೆ. ಮಾವಿನ ತೋರಣವೂ ಆಗಿದೆ, ಬೇಡವೆಂದರೆ ದೊಡ್ಡಿ ಕೇಳಲಿಲ್ಲ. ಊಟಕ್ಕೆ ಮುಂಚೆ ಮುಯ್ಯಿ ಓದುತ್ತೇವೆ, ಆಗ ತಾವು ಮುಂದೆ ಕೂತಿರಬೇಕು. ಬೇಸರವಿಲ್ಲ. ಅತ್ತಿಗೆಗೆ ಅಂದು ಮನೆಯಲ್ಲೇ ಇರಲು ಹೇಳಿದ್ದೇನೆ. ಸಣ್ಣಸ್ವಾಮಿ.


ಬೆಂಗಳೂರು
೧೫ ಫೆಬ್ರವರಿ ೧೯೬೦

ಸಣ್ಣಸ್ವಾಮಣ್ಣನವರಿಗೆ, ನಮಸ್ಕಾರಗಳು.

ಊಟವಾದೊಡನೆ ಉಪನ್ಯಾಸ, ಉಪನ್ಯಾಸವಾದೊಡನೆ ಸಂಜೆಯ ಮೈಸೂರು ಬಸ್ಸು. ನಿಮ್ಮೊಡನೆ ಸಮಾಧಾನದಿಂದ ನಾಲ್ಕು ಮಾತಾಡಲೂ ಆಗಲಿಲ್ಲ. ನಮ್ಮ ಡಾಕ್ಟರರು ಇಷ್ಟು ಜನ ಹೆಂಗಸರ ಎದುರು ಹಿಂದೆಂದೂ ಮಾತಾಡಿಲ್ಲವಂತೆ. ದೊಡ್ಡಿಯವರು ಎದ್ದು ನಿಂತು, "ನಿಮ್ಮನೇಲಿ ಒಲೆ ಊದೋದು ಯಾರು ಸ್ವಾಮಿ?" ಎಂದು ಕೇಳಿದ ಪ್ರಶ್ನೆಗೆ ದಾರಿಯುದ್ದಕ್ಕೂ ಉತ್ತರ ಹುಡುಕುತ್ತಿದ್ದರು.

ನನಗೆ ಎರಡು ವಿಷಯ ಅರ್ಥವಾಗಿಲ್ಲ.

ಒಂದು. ನೀವು ಮೈಕಿನಲ್ಲಿ ಒಬ್ಬೊಬ್ಬರ ಹೆಸರು, ಅವರು ತಂದದ್ದನ್ನು ಓದುತ್ತಿದ್ದಿರಿ. ಎಲ್ಲರೂ ತಂದದ್ದನ್ನು ನನ್ನ ಮುಂದಿನ ಚಾಪೆಯ ಮೇಲೆ ಇಟ್ಟು ಹೋಗುತ್ತಿದ್ದರು. ಕೊನೆಯಲ್ಲಿ ಒಬ್ಬಾಕೆ ಬಿದಿರಿನ ಬುಟ್ಟಿಯ ತುಂಬ ಪುರಿ ಹೊತ್ತು ತಾವಾಗಿ ನಡೆದುಬಂದರು. ನೀವು ಹೆಸರು ಓದಲೇ ಇಲ್ಲ. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ಪುರಿಯ ವಾಸನೆ ಬೇರೆ. ಸೆರಗೊಡ್ಡಿ ತೆಗೆದುಕೊಂಡು ಅಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡುಬಿಟ್ಟೆ. ಚಪ್ಪರವೆಲ್ಲ ಸ್ತಬ್ಧವಾಯಿತು. ಅಧಿಕಾರಿಯಾಗಿ ಹಾಗೆ ತಿನ್ನಬಾರದಿತ್ತೇನೋ ಎಂದು ನಾಚಿದೆ. ಆಕೆ ಶಿವಮ್ಮನವರೇ?

ಎರಡು. ನಮ್ಮ ಕಚೇರಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಯೊಂದು ಬಂದಿದೆ. ನಾಗರಾಜುವಿನ ತಂಗಿಯ ಮದುವೆ. ಮೇಲೆ, 'ಆರೋಗ್ಯ ಇಲಾಖೆಯವರು ಸಕುಟುಂಬ ಸಪರಿವಾರ ಸಮೇತರಾಗಿ ಬಂದು' ಎಂದಿದೆ. ಇಲಾಖೆಯ ಕುಟುಂಬ ಯಾರು ಎಂದು ಸೂಪರಿಂಟೆಂಡೆಂಟರು ನನ್ನನ್ನು ಕೇಳುತ್ತಿದ್ದಾರೆ. ಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ, 'ಎರಡು ಮೂಟೆ ಅಕ್ಕಿ ನೆನಪಿರಲಿ' ಎಂದು ಬರೆದಿದೆ. ಇದೇನು?

ನಿಮ್ಮ ತಂಗಿ,
ಸರ್ವಮಂಗಳ


ಬಸವನಕೊಪ್ಪಲು
೨೪ ಫೆಬ್ರವರಿ ೧೯೬೦

ತಂಗಿ ಸರ್ವಮಂಗಳಮ್ಮನಿಗೆ ಆಶೀರ್ವಾದಗಳು.

ಎರಡನೆಯದಕ್ಕೆ ಮೊದಲು ಉತ್ತರ. ಮುಯ್ಯಿ ಎಂದರೆ ಚಂದಾ ಅಲ್ಲವಮ್ಮ. ಇಂದು ನಿಮ್ಮ ಮನೆಯ ಮದುವೆಗೆ ನಾವು ಕೊಟ್ಟದ್ದನ್ನು ನಾಳೆ ನಮ್ಮ ಮನೆಯ ಮದುವೆಗೆ ನೀವು ತರಬೇಕು. 'ಮರಳಿ ಏನನ್ನೂ ಬಯಸದೆ' ಎಂದು ನೀವು ಬರೆದಾಗಲೇ ನಾನು ತಿದ್ದಬೇಕಿತ್ತು. ಹೊಗಳಿಕೆ ಹಿತವಾಗಿತ್ತು, ಸುಮ್ಮನಿದ್ದೆ. ಈಗ ಊರಿನ ಅಷ್ಟೂ ಮನೆಗೆ ಆರೋಗ್ಯ ಇಲಾಖೆ ನೆಂಟ. ಇನ್ನೂ ಲಗ್ನಪತ್ರಿಕೆಗಳು ಬರುತ್ತವೆ. ದೊಡ್ಡಿಗೂ ಮದುವೆಗೆ ಬಂದ ಮೊಮ್ಮಗಳಿದ್ದಾಳೆ. ಗಾಬರಿಯಾಗಬೇಡಿ. ಮುಯ್ಯಿಗೆ ಅಕ್ಕಿಯೇ ಬೇಕೆಂದಿಲ್ಲ, ಮುಯ್ಯಾಳೂ ನಡೆಯುತ್ತದೆ, ಅಂದರೆ ಒಂದು ದಿನದ ದುಡಿಮೆ. ಡಾಕ್ಟರರು ಚಿತ್ರದಲ್ಲಿ ತೋರಿಸಿದ ಹೊಗೆ ಕೊಳವೆಯ ಒಲೆ ಕಟ್ಟುವ ಮೇಸ್ತ್ರಿ ನಿಮ್ಮಲ್ಲಿದ್ದಾನೆ ಎಂದು ಅವರೇ ಹೇಳಿದರಲ್ಲ, ಮದುವೆಯಾಗುವ ಮನೆಗೆಲ್ಲ ಅವನನ್ನು ಕಳಿಸಿ. ನಾಗರಾಜು ಒಪ್ಪಿದ್ದಾನೆ. ಸೂಪರಿಂಟೆಂಡೆಂಟರಿಗೆ ಮೇಸ್ತ್ರಿಯೇ ಇಲಾಖೆಯ ಕುಟುಂಬ ಎಂದು ಹೇಳಿ.

ಇನ್ನು ಮೊದಲನೆಯದು. ಹೌದು, ಅವಳೇ ಶಿವಮ್ಮ. ಬರಬೇಡ ಎಂದಿದ್ದೆ. "ಊರೆಲ್ಲ ಮುಯ್ಯಿ ಮಾಡೋವಾಗ ನಾನೊಬ್ಳು ಬಾಗಿಲು ಹಾಕ್ಕಂಡಿರೋಕೆ ನಮ್ಮನೆ ದೀಪ ಆರಿದ್ಯಾ?" ಎಂದು ಬೆಳಗಿನ ಜಾವವೇ ಎದ್ದು ಹುರಿದಳಂತೆ. ಅವಳು ಚಪ್ಪರದೊಳಗೆ ಬಂದಾಗ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಚಾಪೆಯ ಮೇಲೆ ಇಟ್ಟಿದ್ದರೆ ಅಲ್ಲೇ ಉಳಿಯುತ್ತಿತ್ತು, ಸಂಜೆಗೆ ಹಸುವಿಗೆ ಹೋಗುತ್ತಿತ್ತು. ಆದರೆ ನಮ್ಮೂರಿನಲ್ಲಿ ಒಂದು ಕಟ್ಟಳೆಯಿದೆ. ಮದುವೆ ಮನೆಯ ಯಜಮಾನಿ ಮುಯ್ಯಿಯನ್ನು ಮಡಿಲಿಗೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ, ಅದು ಆ ಮನೆಯ ಪ್ರಸಾದ. ಆಮೇಲೆ ಅದನ್ನು ಒಲ್ಲೆ ಎಂದವರು ಆ ಮನೆಯನ್ನೇ ಒಲ್ಲೆ ಎಂದಂತೆ. ಅಂದು ಮನೆ ಇಲಾಖೆಯದು, ಯಜಮಾನಿ ನೀವು. ಚಪ್ಪರ ಸ್ತಬ್ಧವಾದದ್ದು ಅದಕ್ಕೆ. ಎಲ್ಲರ ಅಕ್ಕಿಯೂ ಅದೇ ಚಾಪೆಯ ಮೇಲಿತ್ತು, ಇಲಾಖೆಯನ್ನು ಒಲ್ಲೆ ಎನ್ನುವ ಧೈರ್ಯ ಯಾರಿಗಿತ್ತು? ಊಟದ ಪಂಕ್ತಿಯಲ್ಲಿ ಮೊದಲ ಹಿಡಿ ತೆಗೆದುಕೊಂಡವಳು ದೊಡ್ಡಿ. ಅವಳು ಬಾಯಾಡಿಸುವುದನ್ನು ಊರೆಲ್ಲ ನೋಡಿತು.

ನೀವು ಎಲ್ಲ ತಿಳಿದೇ ಹಾಗೆ ಮಾಡಿದಿರಿ ಎಂದು ಜನ ನಂಬಿದ್ದಾರೆ. ಹಸಿವಾಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ನೀವು ಬಸ್ಸು ಹತ್ತಿ ಹೋದಿರಿ, ಮರುದಿನ ಬೆಳಗಿನದು ನಿಮಗೆ ಗೊತ್ತಿಲ್ಲ. ಅದನ್ನಾದರೂ ಬರೆಯದೆ ಇರಲಾರೆ. ಉಪನ್ಯಾಸ ಕೇಳಿದವರಲ್ಲಿ ಅರ್ಧ ಜನ ಬೆಳಕು ಹರಿಯುವ ಮುಂಚೆಯೇ ಏಣಿ ತಂದು ಅತ್ತಿಗೆಯ ಭಟ್ಟಿಯ ಸೂರು ಹತ್ತಿದ್ದರು. ನಾಗರಾಜು ಕೊಳವೆ ಕಟ್ಟಲು ಗೂಡಿನ ಇಟ್ಟಿಗೆ ಹೇರಿಕೊಂಡು ಬಂದಿದ್ದ. ಹೆಂಚು ತೆಗೆಯುತ್ತಿದ್ದಾರೆ, ಒಲೆ ಹೊತ್ತಿಸುವ ಹಾಗಿಲ್ಲ. ಅಷ್ಟರಲ್ಲಿ ಉಳಿದರ್ಧ ಜನ ಸೇರು ಹಿಡಿದು ಪುರಿಗೆ ಬಂದರು, ಮುಂದೆ ದೊಡ್ಡಿ.

"ಮೊದ್ಲು ಪುರಿ ಕೊಡ್ಲಿ, ಆಮೇಲೆ ಸೂರು ಕೀಳ್ರೋ! ನಾನೇನ್ ಹಸ್ಕೊಂಡು ನಿಂತಿರ್ಬೇಕಾ?"

"ನಿನ್ನೆ ತಾನೆ ಹೊಟ್ಟೆ ಬಿರಿಯ ತಿಂದ್ಯಲ್ಲಜ್ಜಿ" ಎಂದ ನಾಗರಾಜು ಮೇಲಿನಿಂದ.

"ತಿಂದಿದ್ದಕ್ಕೇ ಬಂದಿರೋದು ಕಣ್ಲಾ!"

ಅತ್ತಿಗೆ ಅಂಗಳದ ಒರಳಿನ ಮೇಲೆ ಕೈಕಟ್ಟಿ ಕೂತು ಎರಡೂ ಕಡೆಯ ಜಗಳ ಕೇಳುತ್ತಿದ್ದಳು. "ಇವತ್ತು ಹುರಿಯಕ್ಕಿಲ್ಲ, ನಾಳೆ ಬನ್ನಿ" ಎಂದಳು. ನಗು ಬಂದು, ನಗುವಿನ ಜೊತೆ ಕೆಮ್ಮೂ ಬಂತು. ದೊಡ್ಡಿ ಬೈಯುತ್ತಲೇ ಹೋಗಿ ಅವಳ ಬೆನ್ನು ನೀವಿದಳು.

ಕಾದು ಸಾಕಾಗಿ, ಸೇರು ತಂದವರು ಸೇರನ್ನು ನೆಲಕ್ಕಿಟ್ಟು, ಮೇಲಿನಿಂದ ಇಳಿಯುವ ಹೆಂಚಿಗೆ ಕೈಚಾಚಿದರು. ಹೆಂಚು ಕೈಯಿಂದ ಕೈಗೆ ಸಾಗಿತು. ಸೇರುಗಳನ್ನು ಮಾತ್ರ ಯಾರೂ ಮನೆಗೆ ಒಯ್ಯಲಿಲ್ಲ. ಬಂದ ಕ್ರಮದಲ್ಲೇ ಭಟ್ಟಿಯ ಬಾಗಿಲಿಗೆ ಸಾಲಾಗಿ ಇಟ್ಟುಹೋದರು, ನಾಳೆ ಯಾರ ಸರದಿ ಮೊದಲು ಎಂದು ಜಗಳವಾಗಬಾರದಲ್ಲ.

ನಿಮ್ಮಣ್ಣ,
ಸಣ್ಣಸ್ವಾಮಿ